ಭಾರ ಇಳಿಸಿ ನೋಡಬೇಕು, ಭಾರ ಹೊರಿಸಿ ಬಿಗಿಯಬೇಕು

ನನ್ನ ಪಿಕಪ್ 3,40,000 ಕಿಲೋಮೀಟರ್ ದಾಟಿದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಗೇರ್ ಬಾಕ್ಸ್‌ನ ತಕರಾರಿಲ್ಲ. ಆದರೆ ಎರಡು ವರ್ಷದಿಂದ ಮುಂಭಾಗದಲ್ಲಿ ಒಂದು ಸದ್ದು ಮನೆ ಮಾಡಿಕೊಂಡಿತ್ತು. ಹಂಪ್ ಹತ್ತಿಸಿದರೆ ‘ಟಕ್’, ಇಳಿಸಿದರೆ ಇನ್ನೊಂದು ‘ಟಕ್’. ರಿವರ್ಸ್ ಬಂದು ಬ್ರೇಕ್ ಒತ್ತಿದರೆ ಬೇರೆ ತರಹದ, ಸ್ವಲ್ಪ ದಪ್ಪನೆಯ ಸದ್ದು. ನೇರ ರಸ್ತೆಯಲ್ಲೂ ಗಾಡಿ ನೇರ ಹೋಗುತ್ತಿರಲಿಲ್ಲ. ಸ್ಟೇರಿಂಗನ್ನು ಆ ಕಡೆ ಈ ಕಡೆ ಸಣ್ಣಗೆ ಆಡಿಸುತ್ತಲೇ ಇರಬೇಕಿತ್ತು. ನೂರು ಕಿಲೋಮೀಟರ್ ಓಡಿಸಿದರೆ ಭುಜ ನೋಯುತ್ತಿತ್ತು.

ಆ ಸದ್ದಿನ ಹಿಂದೆ ಬಿದ್ದು ಒಂದೊಂದೇ ಸಾಮಾನು ಬದಲಾಯಿಸುತ್ತಾ ಬಂದೆ. ಮೊದಲು ಶಾಕ್ ಅಬ್ಸಾರ್ಬರ್. ಆಮೇಲೆ ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್‌ಗಳು. ಅದಾದ ಮೇಲೆ ಒಂದು ಕಡೆಯ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ಸರಳು ಚಕ್ರದ ಕಡೆ ಸೇರುವ ಕೀಲು. ಪ್ರತಿ ಸಲವೂ ಸದ್ದು ಒಂದು ವಾರ ಕಡಿಮೆಯಾದ ಹಾಗೆ ಅನಿಸುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ವರ್ಕ್‌ಶಾಪ್‌ನಲ್ಲಿ ಚಾಸಿಯ ಕೆಳಗೆ ಜಾಕ್ ಇಟ್ಟು ಗಾಡಿ ಎತ್ತಿದರು. ಚಕ್ರ ಹಿಡಿದು ಅಲ್ಲಾಡಿಸಿದರು. “ಬಾಲ್ ಜಾಯಿಂಟ್ ಎಲ್ಲಾ ಚೆನ್ನಾಗಿದೆ ಸರ್, ಏನೂ ಪ್ಲೇ ಇಲ್ಲ” ಅಂದರು. ಚಕ್ರದ ಹತ್ತಿರ ಕಪ್ಪಿನೊಳಗೆ ಗುಂಡು ಕೂತಿರುವ ಕೀಲಿಗೆ ಬಾಲ್ ಜಾಯಿಂಟ್ ಅಂತಾರೆ, ಅದರ ಸಡಿಲಿಗೆ ಪ್ಲೇ ಅಂತಾರೆ. ಅವರು ಸುಳ್ಳು ಹೇಳಲಿಲ್ಲ. ಅವರ ಕೈಗೆ ನಿಜವಾಗಿಯೂ ಪ್ಲೇ ಸಿಕ್ಕಿರಲಿಲ್ಲ. ಯಾಕೆ ಸಿಕ್ಕಿರಲಿಲ್ಲ ಅನ್ನೋದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

ನನ್ನ ಗಾಡಿಯ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಟಾರ್ಷನ್ ಬಾರ್ ಇದೆ. ಅಂದರೆ ಉದ್ದಕ್ಕೆ ಮಲಗಿಸಿದ ಒಂದು ಉಕ್ಕಿನ ಸರಳು. ಅದರ ಒಂದು ತುದಿ ಲೋವರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ಎರಡು ತೋಳುಗಳಲ್ಲಿ ಕೆಳಗಿನದಕ್ಕೆ, ಕೂತಿರುತ್ತದೆ, ಇನ್ನೊಂದು ತುದಿ ಚಾಸಿಯಲ್ಲಿ ಹಿಡಿದಿರುತ್ತದೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ. ಆ ತಿರುಚೇ ಇಲ್ಲಿ ಸ್ಪ್ರಿಂಗ್. ಗಾಡಿಯನ್ನು ಚಾಸಿಯ ಕೆಳಗೆ ಜಾಕ್ ಇಟ್ಟು ಎತ್ತಿದಿರಿ ಅಂದುಕೊಳ್ಳಿ. ಚಕ್ರ ಜೋತು ಬೀಳುತ್ತದೆ. ಆದರೆ ಸರಳು ಸುಮ್ಮನಿರುವುದಿಲ್ಲ. ಲೋವರ್ ಆರ್ಮನ್ನು ಕೆಳಗೆ ತಳ್ಳುತ್ತಲೇ ಇರುತ್ತದೆ. ಲೋವರ್ ಆರ್ಮ್ ನಕಲ್ಲನ್ನು, ಅಂದರೆ ಚಕ್ರವನ್ನು ಹೊತ್ತಿರುವ ಲೋಹದ ತುಂಡನ್ನು, ಕೆಳಗೆಳೆಯುತ್ತದೆ, ನಕಲ್ ಅಪ್ಪರ್ ಆರ್ಮನ್ನು ಎಳೆದು ಅದರ ರಬ್ಬರ್ ಸ್ಟಾಪ್‌ಗೆ ಒತ್ತಿ ಹಿಡಿಯುತ್ತದೆ. ಈ ಎಳೆತದಲ್ಲಿ ಎರಡೂ ಬಾಲ್ ಜಾಯಿಂಟ್‌ಗಳು ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಒಳಗೆ ಎಷ್ಟು ಸವೆದಿದ್ದರೂ ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುವುದಿಲ್ಲ.

ಜಾಕ್ ಇಡಬೇಕಾದದ್ದು ಲೋವರ್ ಆರ್ಮ್‌ನ ಕೆಳಗೆ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ. ಆಗ ಸರಳಿನ ಒತ್ತಡವೆಲ್ಲ ಜಾಕ್ ಮೇಲೆ ಬೀಳುತ್ತದೆ. ಜಾಯಿಂಟ್ ಹಗುರವಾಗುತ್ತದೆ. ಲೋವರ್ ಆರ್ಮ್ ಮೇಲೆಯೇ ಕಾಯಿಲ್ ಸ್ಪ್ರಿಂಗ್ ಕೂತಿರುವ ಗಾಡಿಗಳಿಗೂ ಇದೇ ಲೆಕ್ಕ. ಸ್ಪ್ರಿಂಗ್ ಅಪ್ಪರ್ ಆರ್ಮ್ ಮೇಲೆ ಇರುವ ಗಾಡಿಗಳಿಗೆ ಮಾತ್ರ ಬೇರೆ ಕ್ರಮ. ಅಲ್ಲಿ ಭಾರ ಹೊರುವುದು ಮೇಲಿನ ಜಾಯಿಂಟ್. ಅದರ ಭಾರ ಇಳಿಸಬೇಕು.

ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಸಹಾಯಕ್ಕೆ ಕರೆದೆ. ಅವಳಿಗೆ ಹದಿನಾಲ್ಕು ವರ್ಷ. ಮೊದಲು ಜಾಕ್ ಹಾಕಲೇ ಇಲ್ಲ. ಸ್ಟೇರಿಂಗ್ ಜೋಡಣೆಯ ಸವೆತ ನೋಡಲು ಚಕ್ರಗಳು ನೆಲದ ಮೇಲೇ ಇರಬೇಕು. ಟೈರು ನೆಲವನ್ನು ಹಿಡಿದಿದ್ದರೆ ತಾನೇ ಸಡಿಲ ಇರುವ ಜಾಯಿಂಟ್ ಅಲ್ಲಾಡೋದು? ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಮರ ಕೊಟ್ಟೆ. ಎಂಜಿನ್ ಆಫ್. ಕೀ ಹಾಕಿ ಸ್ಟೇರಿಂಗ್ ಲಾಕ್ ಮಾತ್ರ ಬಿಡಿಸಿದೆ. ಅವಳು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೈಯಗಲ ಆಡಿಸುತ್ತಿದ್ದಳು. ನಾನು ಕೆಳಗೆ ಮಲಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿದೆ.

ಬೆರಳು ಇಡೋದು ಅಂದರೆ ಸುಮ್ನೆ ಮುಟ್ಟೋದಲ್ಲ. ಅರ್ಧ ಬೆರಳು ಜಾಯಿಂಟ್‌ನ ಕಪ್ ಮೇಲೆ, ಅರ್ಧ ಅದು ಹೊಕ್ಕಿರುವ ಆರ್ಮ್ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಸರಿ. ಒಂದು ಮೊದಲು ಚಲಿಸಿ ಇನ್ನೊಂದು ಸ್ವಲ್ಪ ತಡವಾಗಿ ಹೊರಟರೆ ಚರ್ಮಕ್ಕೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಹೊಸದಾಗಿ ಹಾಕಿದ ಟೈ ರಾಡ್ ಎಂಡ್ ಸರಿ ಇತ್ತು. ಹಾಕದೇ ಬಿಟ್ಟಿದ್ದ ಇನ್ನೊಂದು ಕಡೆಯದ್ದು ಸಡಿಲ ಇತ್ತು. ಸ್ಟೇರಿಂಗ್ ಸರಳುಗಳನ್ನು ಇನ್ನೊಂದು ಬದಿಯಲ್ಲಿ ಹಿಡಿದಿರುವ ಐಡ್ಲರ್ ಆರ್ಮ್ ಮಾತ್ರ ನೋಡುವ ಹಾಗಿರಲಿಲ್ಲ. ಸ್ಟೇರಿಂಗ್ ತಿರುಗಿಸಿದಾಗ ಅದು ಪಕ್ಕಕ್ಕೆ ಹೋಗುವ ಮೊದಲು ಮೇಲಕ್ಕೆ ಏಳುತ್ತಿತ್ತು.

“ಅಪ್ಪಾ, ಇಲ್ಲಿ ಕೈಗೆ ಟಕ್ ಅಂತಿದೆ” ಅಂದಳು ಮೇಲಿನಿಂದ.

“ಯಾವಾಗ ಅಂತಿದೆ ಪುಟ್ಟಿ? ತಿರುಗಿಸೋಕೆ ಶುರು ಮಾಡಿದಾಗಲೋ, ನಿಲ್ಲಿಸಿದಾಗಲೋ?”

“ದಿಕ್ಕು ಬದಲಾಯಿಸಿದಾಗ ಮಾತ್ರ.”

ಅದೇ ಬೇಕಿದ್ದ ಉತ್ತರ. ಒಂದೇ ದಿಕ್ಕಿಗೆ ಎಳೆಯುತ್ತಿದ್ದಾಗ ಸವೆದ ಜಾಯಿಂಟ್ ಒಂದು ಕಡೆಗೆ ಒರಗಿ ಬಿಗಿಯಾಗಿಯೇ ಇರುತ್ತದೆ. ದಿಕ್ಕು ಬದಲಾದ ಆ ಕ್ಷಣದಲ್ಲಿ ಅದು ಇನ್ನೊಂದು ಕಡೆಗೆ ಜಿಗಿಯುತ್ತದೆ. ಸದ್ದು ಬರುವುದು ಆ ಜಿಗಿತದಿಂದ.

ಆಮೇಲೆ ಲೋವರ್ ಆರ್ಮ್ ಕೆಳಗೆ ಜಾಕ್ ಇಟ್ಟು ಟೈರನ್ನು ನೆಲದಿಂದ ಎರಡು ಬೆರಳು ಎತ್ತಿದೆ. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಟೈರಿನ ಕೆಳಗೆ ಉದ್ದನೆಯ ಹಾರೆ ತೂರಿಸಿ ಮೇಲಕ್ಕೆ ಮೀಟಿದೆ. ಲೋವರ್ ಬಾಲ್ ಜಾಯಿಂಟ್‌ನಲ್ಲಿ ನಕಲ್ ಮೇಲೆದ್ದು ಕೆಳಗೆ ಬಿತ್ತು. ಟಕ್. ಎರಡು ವರ್ಷದಿಂದ ಕೇಳುತ್ತಿದ್ದ ಅದೇ ಸದ್ದು. ವರ್ನಿಯರ್ ಹಿಡಿದು ಅಳೆದೆ. ಹತ್ತಿರ ಹತ್ತಿರ 3 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತಿತ್ತು. ಇಂಥ ಜಾಯಿಂಟ್ ಕಳಚಿ ಬಿದ್ದರೆ ಚಕ್ರ ಹೊರಕ್ಕೆ ಮಗುಚುತ್ತದೆ, ಗಾಡಿ ನೆಲಕ್ಕೆ ಕೂರುತ್ತದೆ. ಅದೇ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ. ಹಾರೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತೆ.

ಇನ್ನೊಂದು ಪರೀಕ್ಷೆ ಹೇಳಲೇಬೇಕು, ಏಕೆಂದರೆ ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದಾಗ ಪ್ಲೇ ಬಂದರೆ ಅದು ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗ್ ಕೂಡ ಇರಬಹುದು. ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಹಬ್ಬು ಮತ್ತು ನಕಲ್ ಒಂದೇ ತುಂಡಿನ ಹಾಗೆ ಆಗುತ್ತವೆ. ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಜಾಯಿಂಟ್, ಅಥವಾ ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ಬುಷ್. ನನ್ನ ಬಲಗಡೆ ಚಕ್ರದಲ್ಲಿ ಅರ್ಧ ಮಾಯವಾಯಿತು, ಅರ್ಧ ಉಳಿಯಿತು. ಎರಡೂ ಸವೆದಿದ್ದವು.

ಟೈರು ಕೂಡ ಇದನ್ನೇ ಹೇಳುತ್ತಿತ್ತು, ನಾನು ಓದಿರಲಿಲ್ಲ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ ಸವರಿದರೆ ನಯ. ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತಿತ್ತು. ಚಕ್ರಗಳು ನೇರ ಉರುಳದೆ ಸ್ವಲ್ಪ ಅಡ್ಡಡ್ಡ ಉಜ್ಜಿಕೊಂಡು ಹೋದರೆ ಹೀಗಾಗುತ್ತದೆ. ಟೋ, ಅಂದರೆ ಮುಂದಿನ ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಲೆಕ್ಕ, ತಪ್ಪಿದೆ ಅಂತ ಅರ್ಥ. ಜಾಯಿಂಟ್‌ಗಳೇ ಸಡಿಲ ಇದ್ದಾಗ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಟೋ ನಿಲ್ಲುವುದಿಲ್ಲ.

ಕೊನೆಗೆ ತೀರ್ಮಾನ ಮಾಡಿದೆ. ಇನ್ನು ಒಂದೊಂದೇ ಬೇಡ. ನಾಲ್ಕೂ ಬಾಲ್ ಜಾಯಿಂಟ್, ಅಪ್ಪರ್ ಲೋವರ್ ಆರ್ಮ್‌ಗಳ ಎಂಟೂ ಬುಷ್, ಉಳಿದ ಟೈ ರಾಡ್ ಎಂಡ್‌ಗಳು, ಐಡ್ಲರ್ ಆರ್ಮ್, ಸ್ಟೆಬಿಲೈಸರ್ ಬಾರ್‌ನ ರಬ್ಬರ್, ಬೇರಿಂಗ್ ಮತ್ತು ಸೀಲ್. ಶಾಕ್ ಅಬ್ಸಾರ್ಬರ್ ಹೊಸದೇ ಇದ್ದದ್ದರಿಂದ ಅದನ್ನು ಬಿಟ್ಟೆ. ಬುಷ್‌ಗೆ ಪಾಲಿಯುರೇಥೇನ್ ಹಾಕಿ ಅಂತ ಒಂದಿಬ್ಬರು ಹೇಳಿದರು. ಗಟ್ಟಿ ಇರುತ್ತದೆ ನಿಜ. ಆದರೆ ಕಂಪನ ಜಾಸ್ತಿ ಒಳಗೆ ಬರುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಮೂಲದಲ್ಲಿದ್ದ ರಬ್ಬರ್ ಬುಷ್ ಎರಡೂವರೆ ಲಕ್ಷ ಕಿಲೋಮೀಟರ್ ಬಾಳಿತ್ತು. ಅದಕ್ಕಿಂತ ಒಳ್ಳೆಯದು ನನಗೆ ಬೇಕಿರಲಿಲ್ಲ.

ಬಿಚ್ಚುವ ಮೊದಲು ಒಂದು ದಿನ ಪೂರ್ತಿ ಅಳತೆಗೇ ಹೋಯಿತು. ಅದು ವ್ಯರ್ಥ ಅನಿಸಬಹುದು, ಆದರೆ ಈ ಕೆಲಸದ ಅರ್ಧ ಭಾಗ ಅದೇ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಎತ್ತರ ಅಳೆದೆ. ಎಡಕ್ಕೆ 498 ಮಿಲಿಮೀಟರ್, ಬಲಕ್ಕೆ 509. ಟಾರ್ಷನ್ ಬಾರ್‌ನ ಅಡ್ಜಸ್ಟ್ ಬೋಲ್ಟ್ ಎರಡೂ ಕಡೆ ಎಷ್ಟು ಹೊರಗೆ ಕಾಣುತ್ತಿದೆ ಅಂತ ಅಳೆದು ಬರೆದೆ. ಸರಳಿನ ಹಲ್ಲುಗಳು ಎಲ್ಲಿ ಕೂತಿವೆ ಅನ್ನುವುದಕ್ಕೆ ಸರಳಿಗೂ ಅದರ ಹಿಡಿಗೂ ಸೇರಿಸಿ ಒಂದೇ ಗೀಟು ಬಣ್ಣದಲ್ಲಿ ಎಳೆದೆ. ಅಪ್ಪರ್ ಆರ್ಮ್‌ನ ಹಿಂದೆ ಶಿಮ್ ಅಂತ ತೆಳು ಉಕ್ಕಿನ ತಗಡುಗಳು ಇರುತ್ತವೆ. ಮುಂದಿನ ಬೋಲ್ಟ್‌ಗೆ ಒಂದು ಕಟ್ಟು, ಹಿಂದಿನ ಬೋಲ್ಟ್‌ಗೆ ಒಂದು ಕಟ್ಟು. ಎರಡಕ್ಕೂ ಸಮನಾಗಿ ಸೇರಿಸಿದರೆ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು, ಬದಲಾಗುತ್ತದೆ. ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಮಾಡಿದರೆ ಕ್ಯಾಸ್ಟರ್, ಅಂದರೆ ಸ್ಟೇರಿಂಗ್‌ಗೆ ಚಕ್ರ ಹೊರಳುವ ಅಕ್ಷ ಮುಂದಕ್ಕೋ ಹಿಂದಕ್ಕೋ ಓರೆಯಾಗಿರುವುದು, ಬದಲಾಗುತ್ತದೆ. ನಾಲ್ಕೂ ಕಟ್ಟುಗಳನ್ನು ಬೇರೆ ಬೇರೆ ತಂತಿಗೆ ಪೋಣಿಸಿ ಚೀಟಿ ಕಟ್ಟಿದೆ. ಇವು ಬೆರೆತು ಹೋದರೆ ಆಮೇಲೆ ಅಲೈನ್‌ಮೆಂಟ್ ಮಾಡುವವರು ಸೊನ್ನೆಯಿಂದ ಶುರು ಮಾಡಬೇಕು.

ಬಿಚ್ಚುವುದಕ್ಕೆ ಮೂರು ದಿನ ಮೊದಲಿಂದಲೇ ದಿನಾ ಸಂಜೆ ಎಲ್ಲಾ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೆ. ತಂತಿ ಬ್ರಷ್‌ನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ, ಮತ್ತೆ ಎಣ್ಣೆ. ಆ ತಾಳ್ಮೆಗೆ ಪೂರ್ತಿ ಫಲ ಸಿಕ್ಕಿತು. ಒಂದೇ ಒಂದು ಬೋಲ್ಟ್ ಮಾತ್ರ ಕಟ್ ಆಯಿತು.

ಟಾರ್ಷನ್ ಬಾರ್ ಬಗ್ಗೆ ಎಚ್ಚರದಿಂದ ಹೇಳಬೇಕು. ಅದರಲ್ಲಿ ಗಾಡಿಯ ಮುಂಭಾಗವನ್ನೇ ಎತ್ತಿ ಹಿಡಿಯುವ ಶಕ್ತಿ ಅಡಗಿ ಕೂತಿರುತ್ತದೆ. ನನ್ನ ಗಾಡಿಯಲ್ಲಿ ಮುಂದಿನ ಎರಡೂ ಚಕ್ರ ಗಾಳಿಯಲ್ಲಿ ಜೋತು ಬಿದ್ದ ಮೇಲೆ ಅಡ್ಜಸ್ಟ್ ಬೋಲ್ಟನ್ನು ನಿಧಾನವಾಗಿ ಸಡಿಲಿಸುತ್ತಾ ಹೋದರೆ ಒತ್ತಡ ಪೂರ್ತಿ ಇಳಿಯುತ್ತದೆ, ಬೋಲ್ಟ್ ಅಷ್ಟು ಉದ್ದ ಇದೆ. ಕೆಲವು ಗಾಡಿಗಳಲ್ಲಿ ಹಾಗಿಲ್ಲ. ಅದಕ್ಕೇ ಮಾಡಿದ ಬೇರೆ ಟೂಲ್ ಇಲ್ಲದೆ ಕೈ ಹಾಕಲೇಬಾರದು. ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡದೆ ಬಿಚ್ಚಬೇಡಿ, ದಯವಿಟ್ಟು. ಇನ್ನೊಂದು, ಎಡದ ಸರಳು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ತಯಾರಿಸುವಾಗಲೇ ಅವುಗಳನ್ನು ಒಂದೊಂದು ದಿಕ್ಕಿಗೆ ತಿರುಚಿ ಹದ ಮಾಡಿರುತ್ತಾರೆ. ಅದಲು ಬದಲಾದರೆ ಬೇಗ ಮುರಿಯಬಹುದು. ಸರಳಿನ ಮೈಮೇಲೆ ಸುತ್ತಿಗೆ, ಪಾನ ತಾಗಿಸಿ ಗೀರು ಮಾಡಬಾರದು. ಬಿರುಕು ಶುರುವಾಗುವುದು ಅಂಥ ಗೀರಿನಿಂದಲೇ.

ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಲ್ಲಿ ಚಾಸಿಗೆ ತೂಗು ಹಾಕಿದೆ. ಹೋಸ್ ಪೈಪ್ ಮೇಲೆ ಅದರ ಭಾರ ಬೀಳಬಾರದು.

ಬಾಲ್ ಜಾಯಿಂಟ್ ಬಿಡಿಸುವುದು ಎಲ್ಲರಿಗೂ ಕಷ್ಟ ಅನಿಸುವ ಹಂತ. ಅದರ ಕಾಂಡ ನಕಲ್‌ನ ತೂತಿನೊಳಗೆ ಬಿರಡೆಯ ಹಾಗೆ, ಒಂದು ಕಡೆ ಸಣ್ಣ ಒಂದು ಕಡೆ ದಪ್ಪ ಇರುವ ಆಕಾರದಲ್ಲಿ ಕಚ್ಚಿ ಕೂತಿರುತ್ತದೆ. ಹಿಡಿದಿರುವುದು ನಟ್ ಅಲ್ಲ, ಈ ಕಚ್ಚು. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ ಬಿಡಬೇಕು. ಇಲ್ಲದಿದ್ದರೆ ಬಿಟ್ಟುಕೊಂಡ ಕ್ಷಣ ಆರ್ಮ್ ಎಗರುತ್ತದೆ. ಕಾಂಡದ ಮೇಲೆ ಹೊಡೆಯಬಾರದು. ಕಾಂಡ ಹೊಕ್ಕಿರುವ ನಕಲ್‌ನ ಕಣ್ಣಿನ ಪಕ್ಕಕ್ಕೆ, ಅಡ್ಡಲಾಗಿ ಹೊಡೆಯಬೇಕು. ನಾನು ಒಂದು ಕಡೆಗೆ ಭಾರದ ಸುತ್ತಿಗೆ ಒರಗಿಸಿ ಹಿಡಿದು, ಎದುರು ಕಡೆಯಿಂದ ಇನ್ನೊಂದರಲ್ಲಿ ಹೊಡೆದೆ. ನಾಲ್ಕನೇ ಏಟಿಗೆ ‘ಠಣ್’ ಅನ್ನುತ್ತಿದ್ದ ಸದ್ದು ‘ಡಬ್’ ಆಯಿತು. ಆ ಸದ್ದು ಬದಲಾದರೆ ಬಿಟ್ಟಿತು ಅಂತಲೇ ಲೆಕ್ಕ. ಕವೆಯ ಆಕಾರದ ಟೂಲ್ ತೂರಿಸಿ ಹೊಡೆಯುವ ಪದ್ಧತಿಯೂ ಇದೆ, ಆದರೆ ಅದು ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟನ್ನು ಹರಿದು ಹಾಕುತ್ತದೆ. ಜಾಯಿಂಟ್ ಎಸೆಯುವುದೇ ಆದರೆ ಪರವಾಗಿಲ್ಲ.

ಹಳೇ ಲೋವರ್ ಜಾಯಿಂಟನ್ನು ಕೈಯಲ್ಲಿ ಹಿಡಿದು ನೋಡಿದೆ. ಬೂಟಿನಲ್ಲಿ ಉಗುರಿನಷ್ಟು ಒಂದು ಸೀಳು. ಅಷ್ಟೇ. ಅದರಿಂದ ನೀರು, ಧೂಳು ಒಳಗೆ ಹೋಗಿ ಗ್ರೀಸು ಕಂದು ಬಣ್ಣದ ಮಣ್ಣಿನ ಹಾಗೆ ಆಗಿತ್ತು. ಬೆರಳ ನಡುವೆ ಉಜ್ಜಿದರೆ ಮರಳು ಸಿಕ್ಕುತ್ತಿತ್ತು. ಒರೆಸಿ ನೋಡಿದರೆ ಗುಂಡು ಹೊಳೆಯುತ್ತಿರಲಿಲ್ಲ, ಒಂದು ಪಕ್ಕ ತುಕ್ಕು ತಿಂದು ಗುಳಿ ಬಿದ್ದಿತ್ತು. ಕಾಂಡ ಹಿಡಿದು ಆಡಿಸಿದರೆ ಕಪ್ಪಿನೊಳಗೆ ಗಂಟೆಯ ನಾಲಗೆಯ ಹಾಗೆ ಓಲಾಡುತ್ತಿತ್ತು. ಹೊಸ ಜಾಯಿಂಟ್‌ನ ಕಾಂಡ ತಿರುಗಿಸಲು ಕೈಗೆ ಬಲ ಹಾಕಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಬುಷ್.

ಲೋವರ್ ಆರ್ಮ್ ಬುಷ್‌ಗಳನ್ನು ನಾಲ್ಕು ವರ್ಷದ ಹಿಂದೆ ಬದಲಾಯಿಸಿದ್ದಾಗಿತ್ತು. ಮೂಲದವು 2,50,000 ಕಿಲೋಮೀಟರ್ ಬಾಳಿದ್ದವು. ಹೊಸವು 90,000ಕ್ಕೇ ಹರಿದಿದ್ದವು. ಸಾಮಾನು ಕಳಪೆ ಅಂತಲೇ ನಂಬಿದ್ದೆ. ಆದರೆ ನಾಲ್ಕರಲ್ಲಿ ಒಂದು ಬುಷ್ ಇನ್ನೂ ಪೂರ್ತಿ ಹರಿದಿರಲಿಲ್ಲ. ಅದನ್ನು ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ಅದರ ಒಳಗಿನ ಕೊಳವೆಯ ಅಂಚಿಗೂ ಆರ್ಮ್‌ಗೂ ಸೇರಿಸಿ ಒಂದು ಗೀಟು ಎಳೆದೆ. ಚಕ್ರ ಜೋತು ಬಿದ್ದಿತ್ತು. ಬೋಲ್ಟ್ ಸಡಿಲಿಸಿದೆ. ಗೀಟು ಕದಲಲಿಲ್ಲ.

ಇದರ ಅರ್ಥ ಏನು ಅಂತ ಹೇಳುತ್ತೇನೆ. ರಬ್ಬರ್ ಬುಷ್ ಅಂದರೆ ಎರಡು ಉಕ್ಕಿನ ಕೊಳವೆಗಳು, ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಹೊರಗಿನ ಕೊಳವೆ ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟ್ ಚಾಸಿಗೆ ಒತ್ತಿ ಹಿಡಿದಿರುತ್ತದೆ. ಎಲ್ಲೂ ಜಾರುವುದಿಲ್ಲ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗ ನಡುವಿನ ರಬ್ಬರ್ ತಿರುಚಿಕೊಂಡು ಜಾಗ ಕೊಡುತ್ತದೆ. ಹಾಗಾದರೆ ರಬ್ಬರ್‌ಗೆ ತಿರುಚಿಲ್ಲದ, ಆರಾಮಾಗಿರುವ ಜಾಗ ಯಾವುದು? ಬೋಲ್ಟ್ ಬಿಗಿದಾಗ ಆರ್ಮ್ ಎಲ್ಲಿತ್ತೋ ಅದೇ.

ಹಿಂದಿನ ಸಲ ಬಿಗಿದವರು ಗಾಡಿ ಎತ್ತಿ, ಚಕ್ರ ಜೋತಾಡುತ್ತಿದ್ದಾಗಲೇ ಬಿಗಿದಿದ್ದರು. ಹಾಗಾಗಿ ಜೋತು ಬಿದ್ದ ಸ್ಥಿತಿಯೇ ರಬ್ಬರ್‌ಗೆ ಆರಾಮದ ಜಾಗವಾಗಿತ್ತು. ಗಾಡಿ ನೆಲಕ್ಕೆ ಇಳಿದ ಕ್ಷಣದಿಂದಲೇ ಅದು ತಿರುಚಿಕೊಂಡಿತ್ತು. ನಿಂತಿದ್ದಾಗಲೂ ತಿರುಚು, ರಾತ್ರಿಯಿಡೀ ತಿರುಚು. ಅದರ ಮೇಲೆ ಹಂಪ್ ಬಂದರೆ ಇನ್ನಷ್ಟು. ನಾಲ್ಕು ವರ್ಷ ಒಂದು ನಿಮಿಷ ಬಿಡುವಿಲ್ಲದೆ ಎಳೆಸಿಕೊಂಡ ರಬ್ಬರ್ ಹರಿಯದೆ ಇನ್ನೇನು ಮಾಡುತ್ತದೆ? ಹರಿದವುಗಳಲ್ಲಿ ಸೀಳು ಎಲ್ಲಾ ಒಂದೇ ದಿಕ್ಕಿಗೆ ವಾಲಿತ್ತು. ಸಾಮಾನಿನ ತಪ್ಪಲ್ಲ ಅದು. ನಿಂತ ಎತ್ತರದಲ್ಲಿ ಬಿಗಿದಿದ್ದರೆ, ಆ ಒಳ್ಳೆಯ ಬುಷ್‌ನಲ್ಲಿ ಬೋಲ್ಟ್ ಸಡಿಲಿಸಿದಾಗ ಒಳಗಿನ ಕೊಳವೆ ಸರಕ್ಕನೆ ತಿರುಗಿ ನನ್ನ ಗೀಟು ಎರಡಾಗುತ್ತಿತ್ತು.

ಇದು ತಿಳಿದಾಗ ಸಿಟ್ಟು ಬಂದಿತು, ನಿಜ. ಆದರೆ ಹಿಂದೆಯೇ ನಾನೂ ಸ್ಟೆಬಿಲೈಸರ್ ರಬ್ಬರ್ ಬಿಗಿದದ್ದು ನೆನಪಾಯಿತು. ಅದನ್ನೂ ಚಕ್ರ ಜೋತಾಡುತ್ತಿದ್ದಾಗಲೇ ಬಿಗಿದಿದ್ದೆ.

ಹಳೇ ಬುಷ್ ತೆಗೆಯಲು ಪ್ರೆಸ್ ಇದ್ದರೆ ಸುಲಭ. ನನ್ನ ಹತ್ತಿರ ಇರಲಿಲ್ಲ. ಡ್ರಿಲ್‌ನಿಂದ ರಬ್ಬರ್‌ಗೆ ಸುತ್ತ ತೂತು ಕೊರೆದು ಒಳಗಿನ ಕೊಳವೆ ಕಿತ್ತೆ. ಆಮೇಲೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಹೊರಗಿನ ಕೊಳವೆಯನ್ನು ಒಂದು ಕಡೆ ಸೀಳಿದೆ. ಅದು ತೆಳು ತಗಡು. ಆರ್ಮ್‌ಗೆ ಬ್ಲೇಡ್ ತಾಗುವ ಮೊದಲು ನಿಲ್ಲಿಸಬೇಕು. ಕೊನೆಯ ಅರ್ಧ ಮಿಲಿಮೀಟರ್‌ನ್ನು ಉಳಿಯಿಂದ ಒಳಕ್ಕೆ ಮಡಿಸಿದರೆ ಕೊಳವೆ ಸುರುಳಿಯಾಗಿ ಬಂದುಬಿಡುತ್ತದೆ. ಬೆಂಕಿ ಹಚ್ಚಿ ರಬ್ಬರ್ ಸುಡುವುದೂ ಉಂಟು. ನನಗೆ ಆ ಹೊಗೆ ಬೇಡವಾಗಿತ್ತು.

ಹೊಸದನ್ನು ಕೂರಿಸಲು ಗಟ್ಟಿ ಥ್ರೆಡ್ ರಾಡ್, ಎರಡು ದಪ್ಪ ವಾಷರ್, ಎರಡು ತುಂಡು ಪೈಪ್ ಬಳಸಿದೆ. ಒಂದು ಪೈಪ್ ಬುಷ್‌ನ ಹೊರಗಿನ ಕೊಳವೆಯ ಅಂಚನ್ನು ಮಾತ್ರ ಒತ್ತಬೇಕು. ಒಳಗಿನ ಕೊಳವೆ ಒತ್ತಿದರೆ ರಬ್ಬರ್ ಮೊದಲ ದಿನವೇ ಕಿತ್ತುಹೋಗುತ್ತದೆ. ಎದುರು ಕಡೆಯ ಪೈಪ್ ಬುಷ್‌ಗಿಂತ ಅಗಲ ಇದ್ದು ಆರ್ಮ್‌ಗೆ ಆನಿಕೊಡಬೇಕು. ತೂತನ್ನು ಮರಳು ಕಾಗದದಲ್ಲಿ ಉಜ್ಜಿ, ಸೋಪಿನ ನೀರು ಸವರಿದೆ. ಗ್ರೀಸ್ ಸವರಲಿಲ್ಲ, ಎಣ್ಣೆ ಗ್ರೀಸು ಈ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪಾನ ಕಾಲು ಸುತ್ತು ತಿರುಗಿಸಿದರೆ ಬುಷ್ ಕೂದಲೆಳೆಯಷ್ಟು ಒಳಗೆ ಹೋಗುತ್ತಿತ್ತು. ಒಂದು ಸ್ವಲ್ಪ ಓರೆಯಾಗಿ ಹೊರಟಿತು. ಹೊರಗೆ ತೆಗೆದು ಮತ್ತೆ ಶುರು ಮಾಡಿದೆ. ಎಂಟು ಬುಷ್‌ಗೆ ಒಂದೂವರೆ ದಿನ ಹಿಡಿಯಿತು.

ಜೋಡಿಸುವ ಕೆಲಸ ಬಿಚ್ಚಿದ್ದರ ತಿರುಗಾಮುರುಗ, ಹೆಚ್ಚು ಹೇಳಲು ಏನಿಲ್ಲ. ಬಾಲ್ ಜಾಯಿಂಟ್‌ನ ಕಾಂಡ, ಅದು ಕೂರುವ ತೂತು ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿದೆ. ಅಲ್ಲಿ ಗ್ರೀಸ್ ಇರಬಾರದು, ಒಣಗಿದ್ದರೆ ಮಾತ್ರ ಕಚ್ಚುತ್ತದೆ. ಟಾರ್ಕ್ ರೆಂಚ್‌ನಿಂದ ಹೇಳಿದಷ್ಟು ಬಿಗಿದ ಮೇಲೆ ಸ್ಪ್ಲಿಟ್ ಪಿನ್‌ನ ತೂತು ಸರಿಯಾಗಿ ಎದುರು ಬರದಿದ್ದರೆ, ನಟ್ಟನ್ನು ಇನ್ನೂ ಸ್ವಲ್ಪ ಮುಂದಕ್ಕೇ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಪ್ರತಿ ಸಲ ಹೊಸದು. ಗ್ರೀಸ್ ಗನ್‌ನಿಂದ ಜಾಯಿಂಟ್‌ಗೆ ಗ್ರೀಸ್ ತುಂಬುವಾಗ ಬೂಟಿನ ಮೇಲೆ ಬೆರಳಿಟ್ಟುಕೊಂಡಿದ್ದೆ. ಬೂಟು ಸ್ವಲ್ಪ ಉಬ್ಬಿತು ಅನ್ನುವಾಗ ನಿಲ್ಲಿಸಿದೆ. ಜಾಸ್ತಿ ತುಂಬಿದರೆ ಹೊಸ ಬೂಟು ಸೀಳುತ್ತದೆ.

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿ ಹೊರಗೆ ಬಂತು ಅಂತ ಎಣಿಸಿದ್ದೆ. ಹದಿನೇಳೂವರೆ. ಹೊಸದನ್ನೂ ಅಷ್ಟೇ ಸುತ್ತು ಒಳಗೆ ಹಾಕಿದೆ. ವೀಲ್ ಬೇರಿಂಗ್‌ಗೆ ಗ್ರೀಸ್ ತುಂಬುವುದನ್ನು ಮಗಳಿಗೆ ಹೇಳಿಕೊಟ್ಟೆ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗ್‌ನ ದಪ್ಪ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು, ಇನ್ನೊಂದು ಕಡೆಯಿಂದ ರೋಲರ್‌ಗಳ ನಡುವೆ ಗ್ರೀಸ್ ಹೊರಗೆ ಬರುವವರೆಗೆ. ಅವಳು ನನಗಿಂತ ಚೊಕ್ಕಟವಾಗಿ ಮಾಡಿದಳು.

ಎಲ್ಲಾ ಬೋಲ್ಟ್ ಕೂರಿಸಿದ ಮೇಲೂ ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಬಿಗಿಯಲಿಲ್ಲ. ಕೈಯಲ್ಲಿ ಸುತ್ತಿ ಬಿಟ್ಟಿದ್ದೆ, ಅಷ್ಟೇ. ಚಕ್ರ ಹಾಕಿ, ಮುಂದಿನ ಎರಡು ಚಕ್ರಗಳ ಕೆಳಗೂ ಹಿಂದಿನ ಎರಡರ ಕೆಳಗೂ ದಪ್ಪ ಮರದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಗಾಡಿ ಇಳಿಸಿದೆ. ಈಗ ಭಾರವೆಲ್ಲ ಟೈರಿನ ಮೇಲೆ. ಕೆಳಗೆ ತೂರಲು ಜಾಗವೂ ಇದೆ. ಚಾಸಿಯ ಕೆಳಗೆ ತಾಗಿಯೂ ತಾಗದ ಹಾಗೆ ಸ್ಟ್ಯಾಂಡ್ ಇಟ್ಟೆ, ಜೀವಕ್ಕೆ ಒಂದು ಕಾವಲು. ಬಂಪರ್ ಹಿಡಿದು ಇಬ್ಬರೂ ಹತ್ತು ಹದಿನೈದು ಸಲ ಕುಣಿಸಿದೆವು, ಎಲ್ಲಾ ಅದರದರ ಜಾಗಕ್ಕೆ ಕೂರಲಿ ಅಂತ.

ಇಲ್ಲೊಂದು ಕ್ರಮ ಇದೆ. ಮೊದಲು ಟಾರ್ಷನ್ ಬಾರ್ ಬೋಲ್ಟ್‌ನಿಂದ ಎತ್ತರ ಸರಿ ಮಾಡಬೇಕು, ಆಮೇಲೆ ಬುಷ್ ಬಿಗಿಯಬೇಕು. ಉಲ್ಟಾ ಮಾಡಿದರೆ ಎತ್ತರ ಬದಲಾದಷ್ಟೂ ಬುಷ್ ಮತ್ತೆ ತಿರುಚಿಕೊಳ್ಳುತ್ತದೆ. ಎತ್ತರಿಸುವಾಗ ಜಾಕ್‌ನಿಂದ ಭಾರ ಇಳಿಸಿ ಬೋಲ್ಟ್ ತಿರುಗಿಸಿದೆ, ಇಳಿಸಿ ಕುಣಿಸಿ ಅಳೆದೆ. ಆರು ಸಲ ಮಾಡಿದ ಮೇಲೆ ಎರಡೂ ಕಡೆ 510ಕ್ಕೆ ಬಂದವು. ಆಗ ಕೆಳಗೆ ತೂರಿ ಒಂದೊಂದೇ ಬೋಲ್ಟನ್ನು ಟಾರ್ಕ್ ರೆಂಚ್‌ಗೆ ಕೊಟ್ಟೆ. ಕ್ಲಿಕ್ ಅಂದ ಪ್ರತಿ ಬೋಲ್ಟಿನ ತಲೆಗೂ ಹಳದಿ ಬಣ್ಣದ ಚುಕ್ಕೆ ಇಟ್ಟೆ. ಸ್ಟೆಬಿಲೈಸರ್ ರಬ್ಬರನ್ನೂ ಸಡಿಲಿಸಿ, ಈ ಎತ್ತರದಲ್ಲೇ ಮತ್ತೆ ಬಿಗಿದೆ.

ಟೋ ಮಾತ್ರ ಅಂದಾಜಿಗೆ ನೋಡಿಕೊಂಡೆ. ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಮೊಳೆ ಹಿಡಿದು ತೆಳು ಗೀಟು ಹಾಕಿದೆ. ಇಳಿಸಿ, ಗಾಡಿಯನ್ನು ಸ್ವಲ್ಪ ಮುಂದೆ ಉರುಳಿಸಿ ನಿಲ್ಲಿಸಿ, ಎರಡು ಗೀಟುಗಳ ನಡುವಿನ ದೂರ ಟೈರಿನ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಅಚ್ಚಿನ ಎತ್ತರದಲ್ಲಿ ಅಳೆದೆ. ಮುಂದೆ 3 ಮಿಲಿಮೀಟರ್ ಕಡಿಮೆ ಇತ್ತು. ಅಲೈನ್‌ಮೆಂಟ್ ಮಷಿನ್‌ವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಅಷ್ಟು ಸಾಕು. ಅಲ್ಲಿ ಎಡಗಡೆಯ ಹಿಂದಿನ ಕಟ್ಟಿನಿಂದ ಒಂದೇ ಒಂದು ಶಿಮ್ ತೆಗೆದರು, ಟೋ ಸರಿ ಮಾಡಿದರು. ಆ ಚೀಟಿ ಕಟ್ಟಿದ ತಂತಿಗಳು ಅವರ ಅರ್ಧ ದಿನ ಉಳಿಸಿದವು.

ವಾಪಸ್ ಬರುವಾಗ ತಿರುವು ಮುಗಿದು ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನೇ ನಡುವಿಗೆ ಬಂದು ನಿಂತಿತು. ಎಷ್ಟು ವರ್ಷವಾಗಿತ್ತೋ ಹಾಗೆ ಬಂದು. ಹಂಪ್ ಬಂದಾಗ ನಾವಿಬ್ಬರೂ ಮಾತು ನಿಲ್ಲಿಸಿ ಕಿವಿಗೊಟ್ಟೆವು. ಟೈರು ಹತ್ತಿ ಇಳಿದ ಸದ್ದು ಬಿಟ್ಟರೆ ಏನೂ ಇಲ್ಲ.

800 ಕಿಲೋಮೀಟರ್ ಆದ ಮೇಲೆ ಮತ್ತೆ ಎಲ್ಲಾ ಬೋಲ್ಟ್‌ಗೂ ರೆಂಚ್ ಹಿಡಿದೆ. ಎರಡು ಬೋಲ್ಟ್ ಕೂದಲೆಳೆಯಷ್ಟು ಮುಂದೆ ಹೋದವು. ಎತ್ತರ ಎಡಕ್ಕೆ 506, ಬಲಕ್ಕೆ 507ಕ್ಕೆ ಕೂತಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಅಳತೆಗಳನ್ನೆಲ್ಲ ಬರೆದು ಡ್ರೈವರ್ ಬಾಗಿಲಿನ ಒಳಗಂಬಕ್ಕೆ ಟೇಪ್ ಹಾಕಿ ಅಂಟಿಸಿದ್ದೇನೆ, ತಾರೀಖಿನ ಸಮೇತ.

ಮುಂಭಾಗದ ಸದ್ದು ನಿಂತ ಮೇಲೆ ಹಿಂಭಾಗದಲ್ಲೊಂದು ಕೇಳಿಸಲು ಶುರುವಾಗಿದೆ. ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಹತ್ತಿರ, ಭಾರ ತುಂಬಿದಾಗ ಮಾತ್ರ, ಒಂದು ಕಿರ್ ಸದ್ದು. ಬಲಗಡೆ ಅಂತ ಮಗಳು ಹೇಳುತ್ತಾಳೆ. ತುಕ್ಕು ಬಿಡಿಸುವ ಎಣ್ಣೆಯನ್ನು ನಿನ್ನೆ ಸಂಜೆಯಿಂದ ಹೊಡೆಯುತ್ತಿದ್ದೇನೆ.